ಗಣಪಯ್ಯನ ಸಿಳ್ಳೆ ಹಿಡಿದ ದಾಕ್ಷಾಯಣಮ್ಮ

ಭದ್ರಾವತಿಯ ಜನ್ನಾಪುರದಲ್ಲಿ ಬ್ಲೌಸ್ ಹೊಲಿಸಿಕೊಳ್ಳುವ ಹೆಂಗಸರಿಗೆಲ್ಲ ದಾಕ್ಷಾಯಣಮ್ಮನವರ ಒಂದು ಚಾಳಿ ಗೊತ್ತು. ಅಳತೆ ತೆಗೆದುಕೊಳ್ಳುತ್ತಲೇ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ. ಬ್ಯಾಂಕಿನಲ್ಲಿ ಕೆಲಸ ಮಾಡುವವಳು ಬಂದರೆ, ಹರಿದ ನೋಟುಗಳೆಲ್ಲ ಕೊನೆಗೆ ಎಲ್ಲಿಗೆ ಹೋಗುತ್ತವೆ ಎಂದು. ನರ್ಸ್ ಬಂದರೆ, ದಾನ ಕೊಟ್ಟ ರಕ್ತ ಎಷ್ಟು ದಿನ ಕೆಡದೆ ಇರುತ್ತದೆ ಎಂದು. ಸರಿಯಾದ ಉತ್ತರ ಸಿಗುವವರೆಗೆ ಟೇಪು ಹೆಗಲ ಮೇಲಿಂದ ಕೆಳಗಿಳಿಯುವುದಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾದವರು. ಗಂಡ ಮುರುಗೇಶಪ್ಪ ಹಾಲಿನ ವ್ಯಾನು ಓಡಿಸುತ್ತಾರೆ. ಒಬ್ಬಳೇ ಮಗಳನ್ನು ದಾವಣಗೆರೆಗೆ ಕೊಟ್ಟಿದೆ. ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಮೂವತ್ತು ವರ್ಷದಿಂದ ಅವರ ಲೋಕವೆಲ್ಲ ಆ ಕೋಣೆಯ ಬಾಗಿಲಿನಿಂದಲೇ ಒಳಗೆ ಬಂದದ್ದು.

ಸಮತಾ ಬಂದದ್ದೂ ಹಾಗೆಯೇ. ಶಿವಮೊಗ್ಗದ ಒಂದು ಶಾಲೆಯಲ್ಲಿ ಸಂಗೀತ ಕಲಿಸುವ ಹುಡುಗಿ, ಆಲ್ಕೊಳದಲ್ಲಿ ಬಾಡಿಗೆ ಮನೆ. ಹೆತ್ತವರ ಮನೆ ಮಾತ್ರ ಇಲ್ಲೇ, ದಾಕ್ಷಾಯಣಮ್ಮನವರ ಹಿಂದಿನ ಬೀದಿಯಲ್ಲಿ. ಮೂರು ವರ್ಷದ ಹಿಂದೆ ಒಂದು ಭಾನುವಾರ ತಾಯಿಯ ಬ್ಲೌಸ್ ತೆಗೆದುಕೊಂಡು ಹೋಗಲು ಬಂದವಳು ಕೇಳಿದಳು:

"ಆಂಟಿ, ನಾಲ್ಕು ಕೌದಿ ಹೊಲಿದು ಕೊಡ್ತೀರಾ? ದಪ್ಪಗಿರ್ಬೇಕು. ಚಂದ ಇಲ್ದಿದ್ರೂ ಪರವಾಗಿಲ್ಲ."

"ಒಬ್ಳೇ ಇರೋದು ನೀನು. ನಾಲ್ಕು ಕೌದಿ ಯಾರು ಹೊದ್ಕೊಳ್ಳೋದು?"

"ಹೊದ್ಕೊಳ್ಳೋಕಲ್ಲ ಆಂಟಿ. ಗೋಡೆಗೆ ನೇತು ಹಾಕೋಕೆ. ಮನೇಲೇ ಮಕ್ಕಳ ಹಾಡು ರೆಕಾರ್ಡ್ ಮಾಡ್ತೀನಿ. ರೂಮು ಖಾಲಿ ಇದ್ರೆ ಧ್ವನಿ ಗೋಡೆಗೆ ಬಡಿದು ವಾಪಸ್ ಬರುತ್ತೆ. ಬಟ್ಟೆ ಇದ್ರೆ ಅದು ಕುಡಿದುಬಿಡುತ್ತೆ."

ಬಟ್ಟೆ ಎಣ್ಣೆ ಕುಡಿಯುವುದು ದಾಕ್ಷಾಯಣಮ್ಮನವರಿಗೆ ಗೊತ್ತಿತ್ತು. ಬಟ್ಟೆ ಧ್ವನಿ ಕುಡಿಯುವ ಸಂಗತಿ ಇಷ್ಟು ವರ್ಷ ಬಟ್ಟೆಯ ನಡುವೆಯೇ ಬದುಕಿದರೂ ಕಿವಿಗೆ ಬಿದ್ದಿರಲಿಲ್ಲ. ಹಳೆಯ ಸೀರೆ, ಉಳಿದ ಲೈನಿಂಗ್ ಬಟ್ಟೆಗಳನ್ನು ಎಂಟೆಂಟು ಪದರ ಸೇರಿಸಿ ಹದಿನೈದು ದಿನದಲ್ಲಿ ನಾಲ್ಕು ಕೌದಿ ಮುಗಿಸಿದರು. ಸಮತಾ ಬಂದು ಒಯ್ಯುತ್ತೇನೆ ಎಂದರೂ ಕೇಳದೆ, ಎರಡು ಗಂಟು ಕಟ್ಟಿಕೊಂಡು ತಾವೇ ಶಿವಮೊಗ್ಗದ ಬಸ್ಸು ಹತ್ತಿದರು. ಕುಡಿಯುವುದನ್ನು ಕಣ್ಣಾರೆ ನೋಡಬೇಕಿತ್ತು.

ಆಲ್ಕೊಳದ ಆ ಮಹಡಿ ಮನೆಯ ಕೋಣೆಯಲ್ಲಿ ದೊಡ್ಡದೇನೂ ಇರಲಿಲ್ಲ. ಒಂದು ಮೇಜು, ಕಂಪ್ಯೂಟರು, ಕಬ್ಬಿಣದ ಕೋಲಿಗೆ ಸಿಕ್ಕಿಸಿದ ಮೈಕು, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನು, ಊಟದ ಡಬ್ಬಿಯಷ್ಟು ದೊಡ್ಡ ಒಂದು ಕೆಂಪು ಪೆಟ್ಟಿಗೆ. ಸಮತಾ ಕೌದಿ ಕಟ್ಟುವ ಮೊದಲು ಕೋಣೆಯ ನಡುವೆ ನಿಂತು ಚಪ್ಪಾಳೆ ತಟ್ಟಿದಳು. ಚಪ್ಪಾಳೆಯ ಹಿಂದೆ ತಗಡು ಬಡಿದಂಥ ಒಂದು ಬಾಲ ಬಂತು. ಮೂರು ಗೋಡೆಗೆ ಕೌದಿ ಕಟ್ಟಿ, ನಾಲ್ಕನೆಯದನ್ನು ಬಾಗಿಲಿಗೆ ಇಳಿಬಿಟ್ಟು ಮತ್ತೆ ತಟ್ಟಿದಳು. ಬಾಲ ಇರಲಿಲ್ಲ.

ದಾಕ್ಷಾಯಣಮ್ಮ ತಾವೂ ಏಳೆಂಟು ಸಲ ತಟ್ಟಿ ನೋಡಿದರು. ಆಮೇಲೆ ಕೆಂಪು ಪೆಟ್ಟಿಗೆಯತ್ತ ಬೆರಳು ಮಾಡಿದರು. "ಇದೇನು ಮಾಡುತ್ತೆ?"

"ಇದಕ್ಕೆ ಇಂಟರ್‌ಫೇಸ್ ಅಂತಾರೆ. ಮೈಕು ಗಾಳಿ ಅಲುಗಾಡೋದನ್ನ ಕರೆಂಟಾಗಿ ಮಾಡುತ್ತೆ. ಈ ಪೆಟ್ಟಿಗೆ ಆ ಕರೆಂಟನ್ನ ಅಳೆದು ಅಂಕಿ ಮಾಡಿ ಕಂಪ್ಯೂಟರಿಗೆ ಕೊಡುತ್ತೆ. ಕೇಳುವಾಗ ಅದೇ ಅಂಕಿ ವಾಪಸ್ ಕರೆಂಟಾಗಿ, ಹೆಡ್‌ಫೋನಲ್ಲಿ ಮತ್ತೆ ಗಾಳಿ ಅಲುಗಾಡುತ್ತೆ."

"ಎಷ್ಟು ಸಲ ಅಳೆಯುತ್ತೆ?"

"ಸೆಕೆಂಡಿಗೆ ನಲವತ್ತನಾಲ್ಕು ಸಾವಿರ ಸಲ."

"ನನ್ನ ಮೆಷಿನ್ನು ನಿಮಿಷಕ್ಕೆ ಸಾವಿರ ಹೊಲಿಗೆ ಹಾಕಿದ್ರೆ ಹೆಚ್ಚು," ಎಂದರು ದಾಕ್ಷಾಯಣಮ್ಮ. ಆ ಪೆಟ್ಟಿಗೆಯ ಮೇಲೆ ಅವರಿಗೆ ಆಗಲೇ ಗೌರವ ಬಂದುಬಿಟ್ಟಿತ್ತು.

ಸಮತಾ ಅವರನ್ನೇ ಮೈಕಿನ ಮುಂದೆ ಕೂರಿಸಿ, ಅಕ್ಕನ ಬಳಗದಲ್ಲಿ ಹೇಳಿಕೊಳ್ಳುವ ಒಂದು ಭಜನೆ ಹಾಡಿಸಿ, ಹೆಡ್‌ಫೋನು ಹಾಕಿ ಕೇಳಿಸಿದಳು. ದಾಕ್ಷಾಯಣಮ್ಮ ಹೆಡ್‌ಫೋನು ಕಿತ್ತು ತೆಗೆದರು.

"ಇದು ನಂದಲ್ಲ ಮಾರಾಯ್ತಿ. ಯಾರೋ ಸಣ್ಣ ಗಂಟಲಿನೋಳು."

"ನಿಮ್ದೇ ಆಂಟಿ. ನಮ್ಮ ಧ್ವನಿ ನಮಗೆ ತಲೆಬುರುಡೆ ಒಳಗಿಂದ್ಲೂ ಕೇಳುತ್ತೆ, ಅದಕ್ಕೆ ದಪ್ಪ ಅನ್ಸೋದು. ಊರಿಗೆಲ್ಲ ಕೇಳೋದು ಇದು."

ವಾಪಸ್ ಬರುವ ಬಸ್ಸಿನಲ್ಲಿ ದಾಕ್ಷಾಯಣಮ್ಮ ಎರಡು ಕಿವಿಗೂ ಬೆರಳಿಟ್ಟುಕೊಂಡು ಮೆಲ್ಲಗೆ ಹಾಡಿ ನೋಡಿದರಂತೆ. ಪಕ್ಕದ ಸೀಟಿನವಳು ಎದ್ದು ಹಿಂದಕ್ಕೆ ಹೋಗಿ ಕೂತಳು.

ಮಗಳು ಡಿಗ್ರಿ ಓದುವಾಗ ಕೊಂಡ ಲ್ಯಾಪ್‌ಟಾಪು ಬೀರುವಿನಲ್ಲಿತ್ತು. ಅದನ್ನು ಹೊರತೆಗೆದು, ಸಮತಾ ಫೋನಿನಲ್ಲಿ ಹೇಳಿದಂತೆ ಪುಕ್ಕಟೆ ಸಿಗುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಒಂದನ್ನು ಹಾಕಿಸಿಕೊಂಡರು. ಮೈಕನ್ನು ಮಾತ್ರ ಯಾರನ್ನೂ ಕೇಳದೆ ತಂದರು. ಚಿನ್ನದ ಬಣ್ಣದ್ದು, ಡಬ್ಬಿಯ ಮೇಲೆ ಸ್ಟುಡಿಯೋ ಎಂದು ದೊಡ್ಡಕ್ಷರದಲ್ಲಿ ಬರೆದಿತ್ತು. ಅದರ ತೆಳ್ಳನೆಯ ವಯರನ್ನು ಲ್ಯಾಪ್‌ಟಾಪಿಗೇ ಚುಚ್ಚಿ ಹಾಡಿದರೆ, ಕೊಡಪಾನದೊಳಗೆ ಕೂತು ಹಾಡಿದಂತೆ ಬಂತು. ಸಮತಾ ಕೇಳಿ ನಕ್ಕಳು. ತಾನು ಹೊಸ ಇಂಟರ್‌ಫೇಸ್ ತರಿಸುವವಳಿದ್ದಳು. ಹಳೆಯ ಕೆಂಪು ಪೆಟ್ಟಿಗೆಯನ್ನು ದಾಕ್ಷಾಯಣಮ್ಮನವರಿಗೆ ಕೊಟ್ಟು, ಅದಕ್ಕೆ ಹೊಂದುವ ಸಾದಾ ಕಪ್ಪು ಮೈಕು, ದಪ್ಪ ಕೇಬಲ್ಲು, ಹೆಡ್‌ಫೋನು ಯಾವುದೆಂದು ಬರೆದುಕೊಟ್ಟಳು. ಪೆಟ್ಟಿಗೆಯ ಮೇಲಿನ ನಲವತ್ತೆಂಟು ಎಂದು ಬರೆದ ಗುಂಡಿಯನ್ನು ಒತ್ತದಿದ್ದರೆ ಮೈಕಿಗೆ ಕರೆಂಟು ಹೋಗುವುದಿಲ್ಲ ಎಂದೂ ಹೇಳಿದಳು. "ಪ" ಎಂದರೆ ಮೈಕಿಗೆ ಉಸಿರು ಬಡಿದು ಡಬ್ಬೆನ್ನುತ್ತದೆ, ಅದಕ್ಕೊಂದು ಜಾಲರಿ ಸಿಗುತ್ತದೆ ಎಂದಳು. ಅದನ್ನು ತರಲು ದಾಕ್ಷಾಯಣಮ್ಮ ಅಂಗಡಿಗೆ ಹೋಗಲಿಲ್ಲ. ಕಸೂತಿ ಹಾಕುವ ಮರದ ರಿಂಗಿಗೆ ತೆಳುವಾದ ನೈಲಾನ್ ಬಟ್ಟೆ ಬಿಗಿದು, ಮೈಕಿನ ಮುಂದೆ ಕಟ್ಟಿದರು. ಡಬ್ಬೆನ್ನುವುದು ನಿಂತಿತು.

ಸಮತಾ ಒಮ್ಮೆ ಜನ್ನಾಪುರಕ್ಕೆ ಬಂದಾಗ ಹೊಲಿಗೆ ಕೋಣೆಯಲ್ಲಿ ಚಪ್ಪಾಳೆ ತಟ್ಟಿ ನೋಡಿದಳು. ಬಾಲವೇ ಬರಲಿಲ್ಲ. ಗೋಡೆಗುಂಟ ನೇತು ಹಾಕಿದ ಚೂಡಿದಾರಗಳು, ಕಪಾಟಿನ ತುಂಬ ಬಟ್ಟೆ, ಮೂಲೆಯಲ್ಲಿ ತುಂಡುಗಳ ಮೂಟೆ. "ಆಂಟಿ, ನನ್ನ ರೂಮಿಗಿಂತ ನಿಮ್ದೇ ಚೆನ್ನಾಗಿದೆ," ಎಂದಳು. ದಾಕ್ಷಾಯಣಮ್ಮ ಈ ಮಾತನ್ನು ಬಂದ ಗಿರಾಕಿಗಳಿಗೆಲ್ಲ ತಿಂಗಳುಗಟ್ಟಲೆ ಹೇಳಿದರು. ಬ್ಲೌಸ್ ಹೊಲಿಸಲು ಹೋದ ನನಗೂ ಎರಡು ಸಲ ಹೇಳಿದ್ದಾರೆ.

ಆದರೆ ರೆಕಾರ್ಡ್ ಮಾಡಿದ್ದರ ತಳದಲ್ಲಿ ಸದಾ ಒಂದು "ಗುಂಯ್" ಇರುತ್ತಿತ್ತು. ಫ್ಯಾನು ಆರಿಸಿದರು. ಫ್ರಿಜ್ಜಿನ ಪ್ಲಗ್ಗು ಕಿತ್ತರು. ಹೊಲಿಗೆ ಮೆಷಿನ್ನಿನ ಮೋಟಾರು ಬಿಚ್ಚಿಟ್ಟರು. ಮುರುಗೇಶಪ್ಪ ನೋಡುತ್ತಿದ್ದ ಟೀವಿಯನ್ನೂ ಆಫ್ ಮಾಡಿದರು.

"ನಾನೂ ಹೊರಗೆ ಹೋಗ್ಬೇಕಾ?" ಎಂದರು ಮುರುಗೇಶಪ್ಪ.

"ಸ್ವಲ್ಪ ಹೋಗಿ ಬನ್ನಿ, ನೋಡೋಣ," ಎಂದರು ಇವರು, ತಮಾಷೆ ಮಾಡದೆ.

ಗುಂಯ್ ಹೋಗಲಿಲ್ಲ. ಕಡೆಗೊಂದು ದಿನ ಚಾರ್ಜರಿನ ವಯರು ಕಾಲಿಗೆ ಸಿಕ್ಕಿ ಕಿತ್ತುಬಂತು. ಹೆಡ್‌ಫೋನಿನಲ್ಲಿ ಒಮ್ಮೆಲೇ ನಿಶ್ಶಬ್ದ. ಮತ್ತೆ ಚುಚ್ಚಿದರು, ಗುಂಯ್. ಕಿತ್ತರು, ಇಲ್ಲ. ಬೇರೆಯವರಾಗಿದ್ದರೆ ಚಾರ್ಜರು ಕಿತ್ತಿಟ್ಟು ಹಾಡುತ್ತಿದ್ದರು. ದಾಕ್ಷಾಯಣಮ್ಮ ಎಲೆಕ್ಟ್ರಿಷಿಯನ್ ಜಂಬಣ್ಣನನ್ನು ಕರೆಸಿದರು.

ಜಂಬಣ್ಣ ಟೆಸ್ಟರು ಹಿಡಿದು ಮನೆಯೆಲ್ಲ ಸುತ್ತಿ ಕೇಳಿದ, "ಅಕ್ಕಾ, ನಿಮ್ಮ ಅರ್ಥಿಂಗ್ ಗುಂಡಿ ಎಲ್ಲಿದೆ?"

ಯಾರಿಗೂ ನೆನಪಿರಲಿಲ್ಲ. ಹಿತ್ತಲಲ್ಲಿ ಹುಡುಕಿದಾಗ, ಎಂಟು ವರ್ಷದ ಹಿಂದೆ ಮುರುಗೇಶಪ್ಪನವರೇ ನಿಂತು ಹಾಕಿಸಿದ ಸಿಮೆಂಟಿನ ನೆಲದ ಕೆಳಗೆ ಅದು ಮುಚ್ಚಿಹೋಗಿತ್ತು. ಒಡೆಸಿದರೆ ಒಳಗಿನ ಮಣ್ಣು ಬೂದಿಯಂತೆ ಒಣಗಿತ್ತು, ವಯರು ತುಕ್ಕು ಹಿಡಿದು ತುಂಡಾಗಿತ್ತು. ಜಂಬಣ್ಣ ಹೊಸ ವಯರು ಎಳೆದು, ಇದ್ದಿಲು ಉಪ್ಪು ತುಂಬಿ, ಎರಡು ಬಿಂದಿಗೆ ನೀರು ಹೊಯ್ದ. ಗುಂಯ್ ಮಾಯವಾಯಿತು.

"ಇಷ್ಟು ವರ್ಷ ಶಾಕ್ ಹೊಡೀದೆ ಇದ್ದಿದ್ದೇ ನಿಮ್ಮ ಪುಣ್ಯ," ಎಂದು ಹೇಳಿ ಹೋದ. ಅಂದಿನಿಂದ ಮುರುಗೇಶಪ್ಪ ಹೆಂಡತಿಯ ರೆಕಾರ್ಡಿಂಗ್ ಬಗ್ಗೆ ತಕರಾರು ಎತ್ತಿಲ್ಲ.

ಗುಂಯ್ ಹೋದ ಮೇಲೆ ಅದರ ಹಿಂದೆ ಅಡಗಿದ್ದ ಸಣ್ಣ ಸಣ್ಣ ಸದ್ದುಗಳೆಲ್ಲ ಒಂದೊಂದಾಗಿ ಹೊರಬಂದವು. ಗಡಿಯಾರದ ಮುಳ್ಳು, ದೂರದ ರೈಲು, ಹಲ್ಲಿ. ಒಂದು ಮಧ್ಯಾಹ್ನ ತಮ್ಮ ಭಜನೆಯನ್ನೇ ಕೇಳುತ್ತ ಕೂತಿದ್ದ ದಾಕ್ಷಾಯಣಮ್ಮನವರಿಗೆ, ಚರಣ ಮುಗಿದು ಉಸಿರೆಳೆದ ಜಾಗದಲ್ಲಿ ಇನ್ನೊಂದು ರಾಗ ಕೇಳಿಸಿತು. ಬಹಳ ದೂರದ ಸಿಳ್ಳೆ. ಹೆಡ್‌ಫೋನು ತೆಗೆದರೆ ಇಲ್ಲ. ಹಾಕಿದರೆ ಇದೆ. ಹಕ್ಕಿಯದಲ್ಲ. ಹಕ್ಕಿಗೆ ಹೀಗೆ ಪಲ್ಲವಿಗೆ ವಾಪಸ್ ಬರುವ ಬುದ್ಧಿ ಇಲ್ಲ.

ಮರುದಿನ ಅದೇ ಹೊತ್ತಿಗೆ ಮೈಕನ್ನು ಬೀದಿ ಕಡೆಯ ಕಿಟಕಿಗೆ ಇಟ್ಟು ಕಾದರು. ಬರೀ ಸ್ಕೂಟರಿನ ಸದ್ದು. ಅದರ ಮರುದಿನ ಹಿತ್ತಲ ಕಿಟಕಿಗೆ ಇಟ್ಟರು. ನಾಲ್ಕು ಗಂಟೆಯ ಸುಮಾರಿಗೆ ಸಿಳ್ಳೆ ಸ್ಪಷ್ಟವಾಗಿ ಬಂತು. ಉದ್ದಕ್ಕೆ ಏರಿ, ತುದಿಯಲ್ಲಿ ಸಣ್ಣಗೆ ನಡುಗಿ, ಅವಸರವಿಲ್ಲದೆ ಇಳಿಯುವ ರಾಗ. ದಾಕ್ಷಾಯಣಮ್ಮ ಹೆಡ್‌ಫೋನು ಕೆಳಗಿಟ್ಟು ಹಿತ್ತಲ ಬಾಗಿಲಿನಿಂದ ಹೊರಟರು. ಎರಡು ಕಾಂಪೌಂಡು ದಾಟಿದ ಮೇಲೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ಬಿಡಿಸುತ್ತಿದ್ದ ಗಣಪಯ್ಯ ಸಿಕ್ಕಿದರು.

ಗಣಪಯ್ಯ ಕಬ್ಬಿಣದ ಕಾರ್ಖಾನೆಯಲ್ಲಿ ಕ್ರೇನ್ ಆಪರೇಟರ್ ಆಗಿದ್ದು ನಿವೃತ್ತರಾದವರು. ಮಾತು ಕಡಿಮೆ. ಇಪ್ಪತ್ತು ವರ್ಷ ಅಕ್ಕಪಕ್ಕದಲ್ಲಿದ್ದರೂ ಪ್ಯಾಂಟಿನ ಉದ್ದ ಇಳಿಸಲು ಬಂದಾಗ ಬಿಟ್ಟರೆ ದಾಕ್ಷಾಯಣಮ್ಮನವರೊಂದಿಗೆ ಮಾತಾಡಿದವರಲ್ಲ.

"ಈಗ ಸಿಳ್ಳೆ ಹಾಕಿದ್ದು ನೀವಾ ಅಣ್ಣ?"

ಗಣಪಯ್ಯ ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಕತ್ತಿ ಕೆಳಗಿಟ್ಟರು. "ತೊಂದ್ರೆ ಆಯ್ತಾ? ಕೇಳಲ್ಲ ಅಂದ್ಕೊಂಡಿದ್ದೆ."

"ಯಾವ ಹಾಡು ಅದು?"

"ಹಾಡಲ್ಲ ಅದು. ನಂದೇ. ಎರಡನೇ ಪಾಳಿದು."

ಒಂದೊಂದೇ ಪ್ರಶ್ನೆ ಕೇಳಿ ಹೊರತೆಗೆಯಬೇಕಾಯಿತು. ಕ್ರೇನಿನ ಕ್ಯಾಬಿನ್ನು ನಾಲ್ಕು ಅಂತಸ್ತಿನಷ್ಟು ಮೇಲೆ. ಎಂಟು ಗಂಟೆ ಒಬ್ಬರೇ ಕೂರಬೇಕು. ಕೆಳಗಿನ ಸದ್ದಿನಲ್ಲಿ ಮೇಲಿನವರು ಕೂಗಿದರೂ ಯಾರಿಗೂ ಕೇಳದು, ಎಲ್ಲ ಕೈಸನ್ನೆಯಲ್ಲೇ ನಡೆಯಬೇಕು. ಆಗ ಶುರುವಾದ ಸಿಳ್ಳೆ ಅದು. ಮೊದಲು ಅವರಿವರ ಹಾಡು, ಆಮೇಲೆ ಸ್ವಂತದ್ದು. ಮೂವತ್ತೊಂದು ವರ್ಷದಲ್ಲಿ ಹನ್ನೊಂದು ರಾಗ ನಿಂತಿದ್ದವು. ಅವಕ್ಕೆ ಹೆಸರೂ ಇದ್ದವು. ಮೊದಲ ಪಾಳಿಯದು, ಸೊಂಟ ನೋವಿನದು, ಮಳೆ ಸೋರಿದ್ದು, ಮಗಳು ಹುಟ್ಟಿದ ದಿನದ್ದು.

"ಯಾರಾದ್ರೂ ಕೇಳಿದಾರಾ ಇವನ್ನೆಲ್ಲ?"

"ಯಾರು ಕೇಳ್ತಾರೆ? ಅಲ್ಲಿ ನನ್ನ ಕಿವಿಗೇ ಸರಿಯಾಗಿ ಕೇಳ್ತಿರ್ಲಿಲ್ಲ." ಗಣಪಯ್ಯ ಮತ್ತೆ ಗರಿ ಕೈಗೆತ್ತಿಕೊಂಡರು. "ಇನ್ನು ಹತ್ತು ದಿನ ಅಷ್ಟೆ. ಮೇಲಿನ ನಾಲ್ಕು ಹಲ್ಲು ಅಲ್ಲಾಡ್ತಿವೆ, ಕೀಳಿಸ್ಬೇಕು ಅಂದಿದಾರೆ ಶಿವಮೊಗ್ಗದ ಡಾಕ್ಟ್ರು. ನನ್ನ ಸಿಳ್ಳೆ ಇರೋದೇ ಆ ಹಲ್ಲಿನ ಹಿಂದೆ."

ದಾಕ್ಷಾಯಣಮ್ಮನವರಿಗೆ ಅವತ್ತು ಹೊಲಿಗೆ ಓಡಲಿಲ್ಲ. ಹಲ್ಲು ಹೋದರೆ ಹನ್ನೊಂದೂ ಹೋದವು. ಬರೆದಿಟ್ಟದ್ದಲ್ಲ, ಇನ್ನೊಬ್ಬರು ಕಲಿತದ್ದಲ್ಲ. ಸಂಜೆ ಮತ್ತೆ ಹೋಗಿ, ಗಣಪಯ್ಯನವರ ಹೆಂಡತಿ ಶೇಷಮ್ಮನ ಎದುರಿಗೇ ಕೇಳಿದರು, "ನನ್ನ ಅಂಗಡೀಲಿ ಕೂತು ಒಂದ್ಸಲ ಹಾಕಿ ಅಣ್ಣ. ಹಿಡಿದಿಡ್ತೀನಿ."

"ಬೇಡ ತಾಯಿ. ಜನ ಏನಂತಾರೆ, ಈ ವಯಸ್ಸಲ್ಲಿ ಸಿಳ್ಳೆ."

"ಹೋಗ್ರೀ," ಎಂದರು ಶೇಷಮ್ಮ. "ಹನ್ನೊಂದು ಅಂತೀರಿ, ನಂಗೆ ಎರಡೇ ಗೊತ್ತು. ನಾನೂ ಕೇಳ್ಬೇಕು."

ಮೊದಲ ಮಧ್ಯಾಹ್ನ ಪೂರಾ ವ್ಯರ್ಥವಾಯಿತು. ಸಿಳ್ಳೆಯ ಗಾಳಿ ನೇರವಾಗಿ ಮೈಕಿಗೆ ನುಗ್ಗಿ ಬಿರುಗಾಳಿಯಂತೆ ಕೇಳಿತು, ಕಸೂತಿ ರಿಂಗಿನ ಜಾಲರಿಯೂ ಸಾಲಲಿಲ್ಲ. ಎತ್ತರದ ಸ್ವರ ಬಂದಾಗಲೆಲ್ಲ ಪೆಟ್ಟಿಗೆಯ ದೀಪ ಕೆಂಪಾಗಿ, ರಾಗ ಚೂರುಚೂರಾಯಿತು. ದಾಕ್ಷಾಯಣಮ್ಮ ಸಮತಾಳಿಗೆ ಫೋನ್ ಮಾಡಿದರು.

"ಆಂಟಿ, ಮೈಕನ್ನ ಬಾಯಿ ಎದುರಿಗೆ ಇಡ್ಬೇಡಿ. ಎರಡಡಿ ದೂರ, ಪಕ್ಕಕ್ಕೆ ಇಡಿ. ಧ್ವನಿ ಸುತ್ತ ಹರಡುತ್ತೆ, ಗಾಳಿ ಮಾತ್ರ ನೇರ ಹೋಗುತ್ತೆ. ಪೆಟ್ಟಿಗೆ ಮೇಲೆ ಗೇಯ್ನ್ ಅಂತ ಬರೆದಿರೋ ತಿರುಪನ್ನ ಎಡಕ್ಕೆ ತಿರುಗಿಸಿ, ಒಳಗೆ ಹೋಗೋ ಧ್ವನಿ ಕಡಿಮೆ ಆಗುತ್ತೆ. ಅತಿ ಎತ್ತರದ ಸ್ವರಕ್ಕೂ ದೀಪ ಹಸಿರಾಗೇ ಇರ್ಬೇಕು."

ಅದು ಸರಿಹೋಯಿತು. ಆದರೆ ಎರಡನೆಯ ದಿನ ಗಣಪಯ್ಯ ಹೆಡ್‌ಫೋನು ಹಾಕಿಕೊಂಡು ಶುರು ಮಾಡಿದವರು ನಾಲ್ಕು ಸ್ವರಕ್ಕೇ ನಿಲ್ಲಿಸಿದರು. "ಯಾರೋ ನನ್ನ ಹಿಂದ್ಹಿಂದೇ ಸಿಳ್ಳೆ ಹಾಕ್ತಾ ಬರ್ತಿದಾನೆ." ಕಂಪ್ಯೂಟರಿನೊಳಗೆ ಹೋಗಿ ಸುತ್ತಿ ಬರುವ ಹೊತ್ತಿಗೆ ಧ್ವನಿ ಒಂದು ಚೂರು ತಡವಾಗುತ್ತಿತ್ತು. ಅದಕ್ಕೂ ಪೆಟ್ಟಿಗೆಯಲ್ಲೇ ಒಂದು ಗುಂಡಿ ಇತ್ತು. ಒತ್ತಿದರೆ ಧ್ವನಿ ಕಂಪ್ಯೂಟರಿಗೆ ಹೋಗದೆ ನೇರವಾಗಿ ಕಿವಿಗೆ ಬರುತ್ತದೆ. ಅದನ್ನು ಒತ್ತಿ ಸಾಫ್ಟ್‌ವೇರಿನ ಕಡೆಯಿಂದ ಬರುವುದನ್ನು ಮುಚ್ಚಿದ ಮೇಲೆ ಹಿಂದೆ ಬರುವವನು ಹೋದ.

ಇಷ್ಟಾದರೂ ಗಣಪಯ್ಯನವರಿಗೆ ಬಾಯಿ ಒಣಗುತ್ತಿತ್ತು. ಬಿಗಿಯಾಗಿ ಕುರ್ಚಿಯಲ್ಲಿ ಕೂತು ಮೈಕನ್ನೇ ನೋಡುತ್ತಿದ್ದರು.

"ಅಣ್ಣ, ಕ್ಯಾಬಿನ್ನಲ್ಲಿ ಹೆಂಗೆ ಕೂರ್ತಿದ್ರಿ?"

"ಮೇಲೆ. ಕೆಳಗೆ ನೋಡ್ತಾ."

ದಾಕ್ಷಾಯಣಮ್ಮ ಕತ್ತರಿ, ಸೀಮೆಸುಣ್ಣ, ಬಟ್ಟೆ ಎಲ್ಲ ಸರಿಸಿ ಕಟಿಂಗ್ ಮೇಜನ್ನು ಖಾಲಿ ಮಾಡಿದರು. "ಹತ್ತಿ ಕೂತ್ಕೊಳ್ಳಿ."

ಅರವತ್ತಾರು ವರ್ಷದ ಗಣಪಯ್ಯ ಶೇಷಮ್ಮನ ಹೆಗಲು ಹಿಡಿದು ಮೇಜು ಹತ್ತಿ ಕಾಲು ಇಳಿಬಿಟ್ಟು ಕೂತರು. ದಾಕ್ಷಾಯಣಮ್ಮ ಗಣಪಯ್ಯನವರಿಂದ ಹೆಡ್‌ಫೋನು ತೆಗೆದುಕೊಂಡು, ಲ್ಯಾಪ್‌ಟಾಪು ಎತ್ತಿಕೊಂಡು, ನೇತು ಹಾಕಿದ್ದ ಸೀರೆಗಳ ಹಿಂದೆ ಹೋಗಿ ನೆಲದ ಮೇಲೆ ಕೂತರು. ಶೇಷಮ್ಮನನ್ನೂ ಎಳೆದುಕೊಂಡರು. ಕೋಣೆಯಲ್ಲಿ ಯಾರೂ ಇಲ್ಲದಂತಾಯಿತು.

ಹೆಡ್‌ಫೋನಿನಲ್ಲಿ ಗಣಪಯ್ಯ ಉಸಿರೆಳೆದುಕೊಂಡದ್ದು ಕೇಳಿಸಿತು. ಆಮೇಲೆ ಮೊದಲ ಪಾಳಿಯ ರಾಗ ಬಂತು. ಬೆಳಗ್ಗೆ ಇನ್ನೂ ನಿದ್ದೆ ಹರಿಯದವನು ನಡೆದಂತೆ ಎಳೆದೆಳೆದು ಶುರುವಾಗಿ, ನಡುವೆ ಒಮ್ಮೆಲೇ ಚುರುಕಾಗುವ ರಾಗ. ತೆರೆಯ ಮೇಲೆ ಅದರ ಗೆರೆ ದಪ್ಪವಾಗಿ, ಸಣ್ಣದಾಗಿ ಮುಂದೆ ಹೋಗುತ್ತಿತ್ತು. ದಾಕ್ಷಾಯಣಮ್ಮ ಹೆಡ್‌ಫೋನಿನ ಒಂದು ಬಟ್ಟಲನ್ನು ತಿರುಗಿಸಿ ಶೇಷಮ್ಮನ ಕಿವಿಗೆ ಒತ್ತಿದರು. ಇಬ್ಬರೂ ತಲೆಗೆ ತಲೆ ತಾಗಿಸಿ ಕೂತು ಕೇಳಿದರು.

ಮೂರು ಮಧ್ಯಾಹ್ನದಲ್ಲಿ ಹನ್ನೊಂದೂ ಮುಗಿದವು. ಹತ್ತಿರದ ಶಾಲೆಯ ಗಂಟೆ ಹೊಡೆದು ಬೀದಿಯಲ್ಲಿ ಮಕ್ಕಳ ಗದ್ದಲ ಏಳುವ ಮೊದಲು, ಮೂರೂವರೆಯ ಒಳಗೆ ಮುಗಿಸಬೇಕಿತ್ತು. ಏಳನೆಯ ರಾಗದ ನಡುವೆ ರೈಲು ಕೂಗಿತು. ದಾಕ್ಷಾಯಣಮ್ಮ ಮತ್ತೊಮ್ಮೆ ಮಾಡೋಣ ಎಂದರೆ ಗಣಪಯ್ಯ ಒಪ್ಪಲಿಲ್ಲ. "ಇರ್ಲಿ. ಅದು ನನ್ನ ಸ್ವರಕ್ಕೇ ಕೂಗಿದೆ." ಮಗಳು ಹುಟ್ಟಿದ ದಿನದ್ದು ಬಂದಾಗ ಶೇಷಮ್ಮ ಸೀರೆಗಳ ಹಿಂದೆ ಮೂಗೊರೆಸಿಕೊಂಡದ್ದು ರೆಕಾರ್ಡಿನಲ್ಲಿ ಈಗಲೂ ಕೇಳುತ್ತದೆ. ಅದನ್ನು ಅಳಿಸಲು ದಾರಿ ಇದೆಯೆಂದು ಸಮತಾ ಹೇಳಿದರೂ ದಾಕ್ಷಾಯಣಮ್ಮ ಅಳಿಸಲಿಲ್ಲ.

ಸೋಮವಾರ ನಾಲ್ಕು ಹಲ್ಲೂ ಹೋದವು. ಊತ ಇಳಿದ ಮೇಲೆ ಗಣಪಯ್ಯ ಬಾಯಿಗೆ ಟವೆಲ್ಲು ಮುಚ್ಚಿಕೊಂಡು ಬಂದು, ಹೆಡ್‌ಫೋನು ಹಾಕಿಕೊಂಡು ಹನ್ನೊಂದನ್ನೂ ಒಂದೇ ಸಲ ಕೇಳಿದರು. ನಾಲ್ಕನೆಯದಕ್ಕೆ ಕೈ ಎತ್ತಿ ನಿಲ್ಲಿಸಲು ಹೇಳಿದರು.

"ಇಲ್ಲಿ ನೋಡಿ. ಉಸಿರು ಒಳಗೆ ಎಳ್ಕೊಳ್ಳುವಾಗ್ಲೂ ಸಿಳ್ಳೆ ಬರ್ತಿದೆ!"

"ಹೌದು. ಅದಕ್ಕೇ ರಾಗ ಎಲ್ಲೂ ಕಡಿಯಲ್ಲ. ಗೊತ್ತಿರ್ಲಿಲ್ವಾ?"

"ಮೂವತ್ತು ವರ್ಷ ನಾನೇ ಮಾಡಿದೀನಿ, ನಂಗೇ ಗೊತ್ತಿಲ್ಲ ನೋಡಿ."

ಹೊಸ ಹಲ್ಲು ಕಟ್ಟಿಸಿಕೊಂಡ ಮೇಲೆ ಸಿಳ್ಳೆ ಹಾಕಹೋದರೆ ಪ್ರೆಷರ್ ಕುಕ್ಕರಿನ ಹಬೆಯಂತೆ ಬರೀ ಗಾಳಿ ಹೊರಟಿತು. ಗಣಪಯ್ಯ ಬೇಸರಪಟ್ಟರು. ದಾಕ್ಷಾಯಣಮ್ಮನವರಿಗೆ ಬೇಸರಕ್ಕಿಂತ ಕುತೂಹಲ ಹೆಚ್ಚಾಯಿತು. ಆ ಗಾಳಿಯನ್ನೂ ರೆಕಾರ್ಡ್ ಮಾಡಿ, ಹಳೆಯದರ ಗೆರೆಯ ಕೆಳಗೇ ಇದರ ಗೆರೆ ಇಟ್ಟು ತೋರಿಸಿದರು. ಒಂದೇ ಸ್ವರ, ಮೇಲಿನದು ನೂಲಿನಂತೆ, ಕೆಳಗಿನದು ಹತ್ತಿಯಂತೆ. ನಾಲಿಗೆಯನ್ನು ಒಂದಿಷ್ಟು ಹಿಂದಕ್ಕೆ ಎಳೆದರೆ ಕೆಳಗಿನದೂ ತೆಳ್ಳಗಾಗುವುದು ಗಣಪಯ್ಯನವರ ಕಣ್ಣಿಗೇ ಕಂಡಿತು. ಆಮೇಲೆ ಅವರು ವಾರಕ್ಕೆರಡು ಸಲ ಬಂದು ಮೇಜು ಹತ್ತುತ್ತಿದ್ದರು. ಐದು ತಿಂಗಳಲ್ಲಿ ಒಂಬತ್ತು ರಾಗ ವಾಪಸ್ ಬಂದವು. ಮೊದಲಿಗಿಂತ ತಗ್ಗಿನಲ್ಲಿ, ಸ್ವಲ್ಪ ಗೊಗ್ಗರಾಗಿ. ಎರಡು ಬರಲೇ ಇಲ್ಲ. ಅವು ಈಗ ಲ್ಯಾಪ್‌ಟಾಪಿನಲ್ಲಿ ಮಾತ್ರ ಇವೆ. ಒಂದು ಪ್ರತಿ ಸಮತಾಳ ಹತ್ತಿರ, ಇನ್ನೊಂದು ಗಣಪಯ್ಯನವರ ಮಗಳ ಹತ್ತಿರ.

ಹೋದ ತಿಂಗಳು ಹೊಳಲೂರಿನಿಂದ ಪುಟ್ಟಯ್ಯ ಎನ್ನುವವರು ಗಣಪಯ್ಯನವರನ್ನು ನೋಡಲು ಬಂದಿದ್ದರು. ಕಾರ್ಖಾನೆಯಲ್ಲಿ ಕ್ರೇನಿನ ಕೆಳಗೆ ನಿಂತು, ಎತ್ತು, ಇಳಿಸು ಎಂದು ಕೈಸನ್ನೆ ಮಾಡುತ್ತಿದ್ದವರು. ಗಣಪಯ್ಯ ಅವರನ್ನು ಹೊಲಿಗೆ ಅಂಗಡಿಗೆ ಕರೆತಂದು ಹೆಡ್‌ಫೋನು ಹಾಕಿಸಿದರು. ನಾನು ಬಟ್ಟೆ ಕೊಡಲು ಹೋದವಳು ಅಲ್ಲೇ ನಿಂತಿದ್ದೆ. ಪುಟ್ಟಯ್ಯ ಎರಡು ರಾಗ ಪೂರ್ತಿ ಕೇಳಿ, ಹೆಡ್‌ಫೋನು ಕುತ್ತಿಗೆಗೆ ಇಳಿಸಿ, ಗಣಪಯ್ಯನವರನ್ನೇ ದಿಟ್ಟಿಸಿ ನೋಡಿದರು.

"ಮೇಲೆ ಕೂತು ಬಾಯಿ ಮುಂದೆ ಮಾಡ್ಕೊಂಡು ಇದನ್ನೇನೋ ಮಾಡ್ತಿದ್ದಿದ್ದು ನೀನು? ನನ್ನ ನೋಡಿ ಬೈತಿದ್ದೀಯ ಅಂದ್ಕೊಂಡಿದ್ದೆ ಮಾರಾಯ. ಇಷ್ಟು ವರ್ಷವೂ!"

ಗಣಪಯ್ಯ ಹೊಸ ಹಲ್ಲು ಕಾಣುವಂತೆ ನಕ್ಕರು. ದಾಕ್ಷಾಯಣಮ್ಮ ಟೇಪು ಹೆಗಲ ಮೇಲೆ ಎಳೆದುಕೊಂಡು ಹತ್ತಿರ ಬಂದರು.

"ಬೈದಿದ್ದೂ ಇದೆಯಾ ಅಣ್ಣ?"

"ಒಂದೆರಡು ಸಲ," ಎಂದರು ಗಣಪಯ್ಯ.